ಮೀನು ರಾಜ್ಯದ್ದು, ತಳ ಕೇಂದ್ರದ್ದು

ಭಟ್ಕಳ ಪೇಟೆಯಿಂದ ಪಡುವಣಕ್ಕೆ ಹೋದರೆ ಜಾಲಿ, ಜಾಲಿ ದಾಟಿದರೆ ಕಡಲು. ಆ ಕಡಲಲ್ಲಿ ದಂಡೆಯಿಂದ ಹನ್ನೆರಡು ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ದೂರದವರೆಗೆ ಬಲೆಗೆ ಬೀಳುವ ಬಂಗಡೆ ಕರ್ನಾಟಕ ಸರ್ಕಾರದ ಕಾನೂನಿನಡಿ ಬರುತ್ತದೆ. ಅಲ್ಲಿಂದಾಚೆ ಬಿದ್ದರೆ ಕೇಂದ್ರದ ಕಾನೂನಿನಡಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿರುವ ರಾಜ್ಯ ಪಟ್ಟಿಯ 21ನೇ ನಮೂದು ಮೀನುಗಾರಿಕೆ. ಕೇಂದ್ರ ಪಟ್ಟಿಯ 57ನೇ ನಮೂದು ಪ್ರಾದೇಶಿಕ ಜಲದಾಚೆಗಿನ ಮೀನುಗಾರಿಕೆ. ಲೆಕ್ಕ ಇಲ್ಲಿಗೆ ಚುಕ್ತಾ ಆಯಿತು ಅಂದುಕೊಳ್ಳುವಷ್ಟರಲ್ಲಿ 297ನೇ ವಿಧಿ ಎದುರಾಗುತ್ತದೆ. ಆ ಹನ್ನೆರಡು ಮೈಲಿನ ಒಳಗೂ ಕಡಲ ತಳದ ನೆಲ, ಖನಿಜ, ಬೆಲೆಬಾಳುವ ಏನೇ ಇದ್ದರೂ ಅದು ಕೇಂದ್ರಕ್ಕೆ ಸೇರಿದ್ದು ಎನ್ನುತ್ತದೆ ಅದು. ಈಜುವ ಮೀನಿಗೆ ಒಂದು ಸರ್ಕಾರ, ಅದರ ಹೊಟ್ಟೆಯ ಕೆಳಗಿನ ನೆಲಕ್ಕೆ ಇನ್ನೊಂದು.

ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರ ಹೇಗೆ ಹಂಚಿಕೆಯಾಗಿದೆ ಎಂದು ಶಾಲೆಯ ಪೌರನೀತಿ ಪುಸ್ತಕ ಹೇಳುವುದು ಅರ್ಧ ಪುಟದಲ್ಲಿ ಮುಗಿಯುತ್ತದೆ. ಮೂರು ಪಟ್ಟಿ. 1950ರಲ್ಲಿ ಕೇಂದ್ರದ ಪಟ್ಟಿಯಲ್ಲಿ 97 ನಮೂದು, ರಾಜ್ಯದ್ದರಲ್ಲಿ 66, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ 47. ರಕ್ಷಣೆ, ರೈಲು, ಅಂಚೆ, ರಾಷ್ಟ್ರೀಯ ಹೆದ್ದಾರಿ ದೆಹಲಿಗೆ. ಪೊಲೀಸು, ಜಮೀನು, ಕೃಷಿ, ಆರೋಗ್ಯ, ಊರಿನ ಆಡಳಿತ ರಾಜ್ಯಕ್ಕೆ. ಸಮವರ್ತಿ ವಿಷಯದಲ್ಲಿ ಇಬ್ಬರ ಕಾನೂನೂ ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಕೇಂದ್ರದ್ದೇ ಮೇಲು. ಮೂರರಲ್ಲೂ ಇಲ್ಲದ್ದು ಏನಾದರೂ ಎದುರಾದರೆ ಅದೂ ಕೇಂದ್ರಕ್ಕೆ. ಪುಸ್ತಕ ಹೇಳಿದ್ದು ತಪ್ಪಲ್ಲ. ಆದರೆ ಪಟ್ಟಿಗಳು ಹಂಚಿದ್ದು ವಿಷಯಗಳನ್ನು, ಜಾಗಗಳನ್ನಲ್ಲ. ಜಾಲಿಯ ಹೊಯಿಗೆಯ ಮೇಲೆ ನಿಂತರೆ ಒಂದೇ ಜಾಗದಲ್ಲಿ ಹತ್ತು ವಿಷಯಗಳು ಒಂದರ ಮೇಲೊಂದು ಕುಳಿತಿರುತ್ತವೆ. ಕರಾವಳಿಯವರ ತಾಪತ್ರಯ ಶುರುವಾಗುವುದು ಅಲ್ಲಿಂದ.

ದೋಣಿಯನ್ನೇ ನೋಡೋಣ. ಯಾಂತ್ರೀಕೃತ ಬೋಟಿನ ನೋಂದಣಿ ನಡೆಯುವುದು ಕೇಂದ್ರದ ಹಡಗು ಕಾನೂನಿನಡಿ. ಕಾಗದ ನೋಡಿ ಸಹಿ ಹಾಕುವವರು ರಾಜ್ಯದ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳು. ಹನ್ನೆರಡು ಮೈಲಿನೊಳಗೆ ಯಾವ ಬಲೆ, ಎಷ್ಟು ದೂರದಲ್ಲಿ ಎಂಬುದನ್ನು ನೋಡಿಕೊಳ್ಳುವುದು ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ, 1986. ಮಳೆಗಾಲದ ನಿಷೇಧ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಅದಕ್ಕೆ ಎರಡು ಆದೇಶ ಬೇಕು: ಹೊರಗಿನ ನೀರಿಗೆ ಕೇಂದ್ರದ್ದು, ಒಳಗಿನ ನೀರಿಗೆ ರಾಜ್ಯದ್ದು. ಎರಡೂ ಒಂದೇ ದಿನಾಂಕ ಹೇಳಿದರೆ ಮಾತ್ರ ನಿಷೇಧಕ್ಕೆ ಅರ್ಥ. ನಾಡದೋಣಿಗೂ ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಹಾಕಿಕೊಂಡವರಿಗೂ ಕರ್ನಾಟಕ ವಿನಾಯಿತಿ ಕೊಟ್ಟಿದೆ. ಅದನ್ನು ಕೊಡಲು ರಾಜ್ಯಕ್ಕೆ ದೆಹಲಿಯನ್ನು ಕೇಳಬೇಕಾದ ಹಂಗಿಲ್ಲ, ಅದು ಅದರ ಪಟ್ಟಿಯದೇ ವಿಷಯ.

ಬೆಳಕಿನ ಮೀನುಗಾರಿಕೆಯಲ್ಲಿ ಇದೇ ಹಂಚಿಕೆ ಬಿರುಕು ಬಿಡುತ್ತದೆ. ರಾತ್ರಿ ಎಲ್‌ಇಡಿ ದೀಪ ಹಾಯಿಸಿ ಮೀನನ್ನೆಲ್ಲ ಒಂದೆಡೆ ಸೇರಿಸಿ ಗೋರುವುದನ್ನು 2017ರ ನವೆಂಬರಿನಲ್ಲಿ ಕೇಂದ್ರ ತನ್ನ ನೀರಿನಲ್ಲಿ ನಿಷೇಧಿಸಿತು. ತನ್ನ ನೀರು ಅಂದರೆ ಹನ್ನೆರಡರಿಂದ ಇನ್ನೂರು ಮೈಲಿನವರೆಗೆ. ಅಷ್ಟು ದೂರದಲ್ಲಿ ನೋಡಿ ಹಿಡಿಯಬೇಕಾದವರು ಯಾರು? ಕೋಸ್ಟ್ ಗಾರ್ಡ್ ಕೇಂದ್ರದ್ದು, ಅದಕ್ಕೆ ಮಾಡಲು ಬೇರೆ ಕೆಲಸ ಬೇಕಾದಷ್ಟಿದೆ. ಮೀನುಗಾರಿಕೆ ಇಲಾಖೆ ರಾಜ್ಯದ್ದು, ಅದರ ಕೈ ಅಲ್ಲಿಗೆ ಚಾಚುವುದಿಲ್ಲ. ಬೋಟು ಕೊನೆಗೆ ಬಂದು ನಿಲ್ಲುವುದು ರಾಜ್ಯದ ಬಂದರಿನಲ್ಲೇ. ಆದರೆ ದಕ್ಕೆಯಲ್ಲಿ ಕಟ್ಟಿದ ಬೋಟು ನಿನ್ನೆ ರಾತ್ರಿ ಯಾರ ನೀರಿನಲ್ಲಿ ದೀಪ ಹಚ್ಚಿತ್ತೆಂದು ಅದನ್ನು ನೋಡಿ ಹೇಳಲಾಗುವುದಿಲ್ಲ. ಕಾನೂನು ಮಾಡುವ ಅಧಿಕಾರ ಒಬ್ಬರದು, ಅದನ್ನು ಜಾರಿ ಮಾಡುವ ಕಾಲಾಳು ಇನ್ನೊಬ್ಬರ ಬಳಿ. ನಮ್ಮ ಒಕ್ಕೂಟ ವ್ಯವಸ್ಥೆ ಓಡುತ್ತಿರುವುದೂ ಎಡವುತ್ತಿರುವುದೂ ಬಹುಪಾಲು ಈ ಸಂದಿಯಲ್ಲಿ.

ಇದು ಬರೀ ತರ್ಕದ ಮಾತಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನದ ಮೇಲೆ ಸಂಪರ್ಕ ಕಳೆದುಕೊಂಡಿತು. ಅದರಲ್ಲಿದ್ದವರು ಏಳು ಮಂದಿ, ಅವರಲ್ಲಿ ಐವರು ನಮ್ಮ ಉತ್ತರ ಕನ್ನಡದ ಮನೆಗಳಿಂದ ಹೋದವರು. ದೂರು ದಾಖಲಾದದ್ದು ಉಡುಪಿ ಜಿಲ್ಲೆಯ ಪೊಲೀಸರ ಬಳಿ, ಪೊಲೀಸು ರಾಜ್ಯ ಪಟ್ಟಿಯ ವಿಷಯ. ಬೋಟು ಕಾಣೆಯಾದದ್ದು ಮಹಾರಾಷ್ಟ್ರದ ಎದುರಿನ ಕಡಲಲ್ಲಿ, ಅಲ್ಲಿನ ದಂಡೆಯ ಪೊಲೀಸರು ಇನ್ನೊಂದು ಸರ್ಕಾರದವರು. ನಡುವೆ ಗೋವಾ. ಹುಡುಕುವ ಹಡಗು, ವಿಮಾನ, ಸೋನಾರ್ ಇದ್ದದ್ದು ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್ ಬಳಿ, ಅವೆರಡೂ ದೆಹಲಿಯವು. ಜನವರಿ 6ರಂದು ಸಾವಿರಾರು ಮೀನುಗಾರರು ಮಲ್ಪೆಯಿಂದ ನಡೆದು ಬಂದು ಹೆದ್ದಾರಿ ತಡೆದರು. ಮೇ ತಿಂಗಳ ಮೊದಲಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಾಲ್ವಣ ತೀರದಿಂದ 33 ಕಿಲೋಮೀಟರ್ ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಕಂಡಿತು. ದೂರವನ್ನು ನೋಡಿ: 22 ಕಿಲೋಮೀಟರಿನ ಗೆರೆಯಿಂದ ಸಾಕಷ್ಟು ಆಚೆ. ಬೋಟು ಕರ್ನಾಟಕದ್ದು, ಎದುರಿನ ದಂಡೆ ಮಹಾರಾಷ್ಟ್ರದ್ದು, ಮುಳುಗಿದ ನೀರು ಎರಡೂ ರಾಜ್ಯಗಳದ್ದಲ್ಲ. ಆ ನಾಲ್ಕೂವರೆ ತಿಂಗಳು ಮನೆಯವರು ಜಿಲ್ಲಾಧಿಕಾರಿ, ಶಾಸಕ, ಸಂಸದ, ಮಂತ್ರಿ ಎಂದು ಬಾಗಿಲಿಂದ ಬಾಗಿಲಿಗೆ ಹೋದರು. ಪ್ರತಿ ಬಾಗಿಲಿನಲ್ಲೂ ಸಿಕ್ಕ ಉತ್ತರ ಅರ್ಧ ನಿಜವೇ ಆಗಿತ್ತು.

ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಉಪ್ಪನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಅಘನಾಶಿನಿಯ ಉಪ್ಪುನೀರು ಹಾಯಿಸಿ, ಬಿಸಿಲಿಗೆ ಬಿಟ್ಟು, ಗೋರಿ ರಾಶಿ ಹಾಕುವ ಆಗರಗಳು. ಉಪ್ಪು ತಯಾರಿಕೆಯ ನಿಯಂತ್ರಣ ಕೇಂದ್ರ ಪಟ್ಟಿಯ 58ನೇ ನಮೂದು. ಆಗರದವರ ಸಹಕಾರಿ ಸಂಘ ರಾಜ್ಯ ಪಟ್ಟಿಯ 32ನೆಯದು. ಬಿಸಿಲು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಪಕ್ಕದ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಜಿಲ್ಲೆ ಇದು. ಬ್ರಿಟಿಷರ ಕೈಯಿಂದ ಬಿಡಿಸಿಕೊಂಡ ಉಪ್ಪನ್ನು ಸಂವಿಧಾನ ರಚಿಸಿದವರು ರಾಜ್ಯಗಳಿಗೆ ಕೊಡದೆ ಕೇಂದ್ರದಲ್ಲೇ ಇಟ್ಟರು. ದೇಶದ ಎಲ್ಲ ಮನೆಗೂ ಬೇಕಾದ, ಕೆಲವೇ ಕರಾವಳಿಗಳಲ್ಲಿ ಆಗುವ ಸಾಮಾನು, ಹಾಗಾಗಿ ಅದರಲ್ಲಿ ನ್ಯಾಯವಿದೆ ಎಂದೇ ನನಗನ್ನಿಸುತ್ತದೆ.

ಕಡಲಿನಿಂದ ದಂಡೆಗೆ ಬಂದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಜಮೀನು ರಾಜ್ಯದ ವಿಷಯ. ಆದರೆ ಭರತರೇಖೆಯಿಂದ 500 ಮೀಟರ್ ಒಳಗಿನ ಜಮೀನಿನಲ್ಲಿ ಏನು ಕಟ್ಟಬಹುದು, ಏನು ಕೂಡದು ಎಂದು ಹೇಳುವುದು ಕೇಂದ್ರ ಪರಿಸರ ಸಚಿವಾಲಯದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಎಲ್ಲರ ಬಾಯಲ್ಲಿ ಸಿಆರ್‌ಝಡ್. 1991ರದ್ದು ಮೊದಲನೆಯದು, ಆಮೇಲೆ 2011, ಆಮೇಲೆ 2019. ಪರಿಸರ ಎಂಬ ನಮೂದು ಮೂರು ಪಟ್ಟಿಯಲ್ಲೂ ಇಲ್ಲದಿರುವಾಗ ಕೇಂದ್ರಕ್ಕೆ ಈ ಅಧಿಕಾರ ಬಂದದ್ದು ಎಲ್ಲಿಂದ? 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು, ಭಾರತ ಅದರಲ್ಲಿ ಭಾಗವಹಿಸಿತು. ಅಂತರರಾಷ್ಟ್ರೀಯ ಸಮ್ಮೇಳನದ ನಿರ್ಣಯ ಜಾರಿಗೆ ತರಲು ಸಂಸತ್ತು ಯಾವ ವಿಷಯದ ಮೇಲಾದರೂ ಕಾನೂನು ಮಾಡಬಹುದು ಎನ್ನುತ್ತದೆ 253ನೇ ವಿಧಿ. ಅದರ ಬಲದಿಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ, ಅದರ ಬಲದಿಂದ ಸಿಆರ್‌ಝಡ್. ಸ್ವೀಡನ್ನಿನಲ್ಲಿ ಕೂತು ಆಡಿದ ಮಾತು ಜಾಲಿಯ ಮನೆಯ ಅಡಿಪಾಯಕ್ಕೆ ತಾಗಿದ್ದು ಹೀಗೆ.

ಕಡಲಾಮೆಯ ರಕ್ಷಣೆ ಕೇಂದ್ರದ ಕೈಗೆ ಬಂದ ದಾರಿ ಇನ್ನೊಂದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕಾಡುಪ್ರಾಣಿಗಳು ರಾಜ್ಯ ಪಟ್ಟಿಯಲ್ಲಿದ್ದವು. ಸಂಸತ್ತು ಅದನ್ನು ಮುಟ್ಟುವಂತಿರಲಿಲ್ಲ. ಹನ್ನೊಂದು ರಾಜ್ಯಗಳ ಶಾಸನಸಭೆಗಳು ‘ನಮ್ಮ ಪರವಾಗಿ ನೀವೇ ಮಾಡಿ’ ಎಂದು ನಿರ್ಣಯ ಕಳಿಸಿದ ಮೇಲೆ 252ನೇ ವಿಧಿಯಡಿ ಸಂಸತ್ತು ಆ ಕಾನೂನು ಮಾಡಿತು. ಕೇಳಿ ಪಡೆದ ಅಧಿಕಾರ ಅದು. ನಾಲ್ಕು ವರ್ಷದ ಮೇಲೆ, ತುರ್ತು ಪರಿಸ್ಥಿತಿಯಲ್ಲಿ, ಕೇಳುವ ರಗಳೆಯೇ ಬೇಡವೆಂದು 42ನೇ ತಿದ್ದುಪಡಿ ಕಾಡನ್ನೂ ವನ್ಯಜೀವಿಯನ್ನೂ ಶಿಕ್ಷಣವನ್ನೂ ರಾಜ್ಯ ಪಟ್ಟಿಯಿಂದ ಎತ್ತಿ ಸಮವರ್ತಿಗೆ ಹಾಕಿತು. ಎಲ್ಲ ಸೇರಿ ಐದು ವಿಷಯ. ಮುಂದೆ ಜನತಾ ಸರ್ಕಾರ ಆ ತಿದ್ದುಪಡಿಯ ಹಲವು ಭಾಗಗಳನ್ನು ಕಿತ್ತುಹಾಕಿದರೂ ಈ ಐದು ಹಿಂದಿರುಗಲಿಲ್ಲ.

ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಈ ಎಳೆಗಳೆಲ್ಲ ಒಂದೇ ಕಡೆ ಸಿಕ್ಕುಬಿದ್ದಿವೆ. ಶರಾವತಿಯ ಅಳಿವೆಯ ಪಕ್ಕದ ಹೊಯಿಗೆ ದಿಬ್ಬ. ಒಣಮೀನು ಹರಡುವ ಜಾಗ, ಆಲಿವ್ ರಿಡ್ಲಿ ಆಮೆ ಮೊಟ್ಟೆಯಿಡುವ ಜಾಗ, ಮೀನುಗಾರರ ಮನೆಗಳು. ಅಲ್ಲಿ ಖಾಸಗಿ ವಾಣಿಜ್ಯ ಬಂದರು ಬರಬೇಕೆಂದು ಗುತ್ತಿಗೆ ಕೊಟ್ಟದ್ದು ರಾಜ್ಯ ಸರ್ಕಾರ. ಮಂಗಳೂರಿನಂಥ ಪ್ರಧಾನ ಬಂದರು ಮಾತ್ರ ಕೇಂದ್ರದ್ದು, ಉಳಿದ ಬಂದರುಗಳು ಸಮವರ್ತಿ ಪಟ್ಟಿಯಲ್ಲಿವೆ, ಅವುಗಳನ್ನು ನಡೆಸುವುದು ರಾಜ್ಯಗಳು. ಆಮೆಯ ರಕ್ಷಣೆ ಕೇಂದ್ರದ ಕಾಯ್ದೆ, ಮೊಟ್ಟೆಗೆ ಬೇಲಿ ಕಟ್ಟುವವರು ರಾಜ್ಯದ ಅರಣ್ಯ ಸಿಬ್ಬಂದಿ. ವಿರೋಧಿಸಿ ನಿಂತ ಜನರನ್ನು ಎಬ್ಬಿಸಲು ಬಂದವರು ರಾಜ್ಯದ ಪೊಲೀಸರು. ಕೇಂದ್ರವೇ ರಾಜ್ಯದ ಮೇಲೆ ಸವಾರಿ ಮಾಡುತ್ತದೆ ಎಂಬ ಬೆಂಗಳೂರಿನ ದೂರು ಇಲ್ಲಿ ತಲೆಕೆಳಗಾಗುತ್ತದೆ. ಟೊಂಕದವರು ರಾಜ್ಯದ ನಿರ್ಧಾರದಿಂದ ತಪ್ಪಿಸಿಕೊಳ್ಳಲು ಕೇಂದ್ರದ ಕಾನೂನುಗಳ ಮೊರೆ ಹೋದರು. ಎರಡು ಸರ್ಕಾರಗಳಿರುವುದರ ಒಂದು ಉಪಯೋಗವೆಂದರೆ ಇದೇ: ಒಂದರ ಮೇಲೆ ದೂರು ಹೇಳಲು ಇನ್ನೊಂದು ಇರುತ್ತದೆ. ದೂರು ಫಲಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಈ ನಡುವೆ 2025ರಲ್ಲಿ ಸಂಸತ್ತು 1908ರ ಬಂದರು ಕಾಯ್ದೆಯನ್ನು ತೆಗೆದು ಹೊಸದನ್ನು ತಂದಿತು. ಸಣ್ಣ ಬಂದರುಗಳಲ್ಲಿ ರಾಜ್ಯಗಳ ಕೈ ಎಷ್ಟು ಸಡಿಲವಾಗಿ ಉಳಿಯುತ್ತದೆ ಎಂದು ಕರಾವಳಿಯ ರಾಜ್ಯಗಳು ಕಣ್ಣಿಟ್ಟಿರಬೇಕಾದ ಸಂಗತಿ ಅದು.

ರಾಷ್ಟ್ರೀಯ ಹೆದ್ದಾರಿ 66ರ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ, ಬೇಗ ಹೇಳಿಬಿಡುತ್ತೇನೆ. ರಸ್ತೆ ಕೇಂದ್ರದ್ದು, ಅದನ್ನು ಅಗಲ ಮಾಡಲು ಜಾಗ ಬಿಡಿಸಿಕೊಡುವುದು ಕೇಂದ್ರದ ಕಾಯ್ದೆ, ನೋಟಿಸಿಗೆ ಸಹಿ ಹಾಕುವುದು ರಾಜ್ಯದ ಕಂದಾಯ ಅಧಿಕಾರಿ. ಹಾಗಾಗಿ ಪರಿಹಾರ ಕಡಿಮೆಯಾಯಿತೆಂಬ ಸಿಟ್ಟು ಕೇಳಿಸಿಕೊಳ್ಳುವುದು ಉಪವಿಭಾಗಾಧಿಕಾರಿಯ ಕಚೇರಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೂ ಅಂಚಿನ ಚಹಾದಂಗಡಿಯನ್ನೂ ಗಂಗಾವಳಿಗೆ ತಳ್ಳಿದಾಗ, ಗುಡ್ಡ ಕಡಿದವರು ಯಾರು, ನೀರಿಳಿಯುವ ದಾರಿ ನೋಡಬೇಕಿದ್ದವರು ಯಾರು ಎಂಬ ಜಗಳ ಹೆಣ ಸಿಗುವ ಮೊದಲೇ ಶುರುವಾಯಿತು. ಲಾರಿಯೊಂದರ ಚಾಲಕ ಕೇರಳದವನಾದ್ದರಿಂದ ಮೂರನೆಯ ಸರ್ಕಾರವೂ ಬಂತು. ನೌಕಾಪಡೆಯ ಮುಳುಗುಗಾರರು, ರಾಜ್ಯದ ವಿಪತ್ತು ಪಡೆ, ಕೊನೆಗೆ ಗೋವಾದಿಂದ ತಂದ ಡ್ರೆಜರು. ಸೆಪ್ಟೆಂಬರ್ 25ರಂದು ಲಾರಿ ಮೇಲೆ ಬಂತು. ವಿಪತ್ತು ನಿರ್ವಹಣೆ ಕೂಡ ಯಾವ ಪಟ್ಟಿಯಲ್ಲೂ ಹೆಸರು ಹಿಡಿದು ಬರೆದಿಲ್ಲದ ವಿಷಯ ಎಂಬುದನ್ನು ಇಲ್ಲಿ ನೆನಪಿಡಬೇಕು.

ಪಟ್ಟಿಯಲ್ಲಿ ಬರೆದಂತೆಯೇ ಎಲ್ಲ ನಡೆಯುತ್ತದೆ ಎಂಬುದಕ್ಕೆ ಕೊಂಕಣ ರೈಲ್ವೆ ಪಕ್ಕಾ ಅಪವಾದ. ರೈಲು ನೂರಕ್ಕೆ ನೂರು ಕೇಂದ್ರದ ವಿಷಯವಾದರೂ ದೆಹಲಿಯ ಬಳಿ ಹಣವಿಲ್ಲದೆ 1990ರಲ್ಲಿ ಕಂಪನಿ ಕಟ್ಟಿ ರಾಜ್ಯಗಳನ್ನೂ ಪಾಲುದಾರರನ್ನಾಗಿ ಮಾಡಿದರು. ಆಗಿನ ಶೇಕಡಾವಾರು ಪಾಲು: ಕೇಂದ್ರ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಪಟ್ಟಿ ಏನೇ ಹೇಳಲಿ, ದುಡ್ಡು ಬೇಕಾದಾಗ ಗೆರೆ ಸರಿಯುತ್ತದೆ.

ಗೆರೆ ಸರಿಯುವುದು ಈ ಸೀಮೆಗೆ ಹೊಸತಲ್ಲ. ಕೆನರಾ ಜಿಲ್ಲೆಯನ್ನು ಒಡೆದು, ಅದರ ಉತ್ತರದ ತುಂಡನ್ನು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು. ಧಾರವಾಡ ಸೀಮೆಯ ಹತ್ತಿ ಸಾಗಿಸಲು ಕಾರವಾರದ ಬಂದರು ಮುಂಬಯಿಯ ವರ್ತಕರಿಗೆ ಬೇಕಿತ್ತು. ಆಗಿನಿಂದ 1956ರ ಅಕ್ಟೋಬರ್ 31ರವರೆಗೆ ಭಟ್ಕಳದವರ ಸರ್ಕಾರ ಮುಂಬಯಿಯಲ್ಲಿ, ಕೂಗಿದರೆ ಕೇಳಿಸುವಷ್ಟು ಹತ್ತಿರದ ಬೈಂದೂರು ಕಡೆಯ ಶಿರೂರಿನವರ (ಇದು ಅಂಕೋಲೆಯದಲ್ಲ, ಬೇರೆ ಶಿರೂರು) ಸರ್ಕಾರ ಮದ್ರಾಸಿನಲ್ಲಿ. ನವೆಂಬರ್ 1ರಂದು ಇಬ್ಬರೂ ಮೈಸೂರು ರಾಜ್ಯದವರಾದರು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಇದನ್ನು ಮಾಡಿದ್ದು 3ನೇ ವಿಧಿ: ರಾಜ್ಯದ ಗಡಿ, ಹೆಸರು, ಅಸ್ತಿತ್ವವನ್ನೇ ಸಂಸತ್ತು ಸಾಮಾನ್ಯ ಬಹುಮತದಿಂದ ಬದಲಿಸಬಹುದು. ಆಯಾ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಕೇಳಿದ್ದನ್ನು ಒಪ್ಪಬೇಕಿಲ್ಲ. ಅಮೆರಿಕದಲ್ಲಿ ರಾಜ್ಯದ ಒಪ್ಪಿಗೆಯಿಲ್ಲದೆ ಅದರ ನೆಲ ಕತ್ತರಿಸಲಾಗದು. ಅಲ್ಲಿ ರಾಜ್ಯಗಳು ಸೇರಿ ಕೇಂದ್ರವನ್ನು ಮಾಡಿಕೊಂಡವು. ಇಲ್ಲಿ ಕೇಂದ್ರ ಕೂತು ರಾಜ್ಯಗಳನ್ನು ಕತ್ತರಿಸಿ ಹೊಲಿಯಿತು. ಏಕೀಕರಣದ ಸಂಭ್ರಮದಲ್ಲಿ ನಾವು ಈ ಅಧಿಕಾರದ ಫಲಾನುಭವಿಗಳು, ಕಾಸರಗೋಡಿನ ಕನ್ನಡಿಗರು ಅದರ ನೋವುಂಡವರು.

ರಾಜ್ಯಗಳ ಪರವಾಗಿ ದನಿಯೆತ್ತಿದವರಲ್ಲಿ ಒಬ್ಬರು ಈ ಜಿಲ್ಲೆಯ ಘಟ್ಟದ ಮೇಲಿನವರು, ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ. 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದ ಅವರು ಮಾರ್ಚಿನಲ್ಲೇ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದರು. ಅದೇ ತಿಂಗಳು ಇಂದಿರಾ ಗಾಂಧಿ ಕೇಂದ್ರ–ರಾಜ್ಯ ಸಂಬಂಧ ಪರಿಶೀಲಿಸಲು ಸರ್ಕಾರಿಯಾ ಆಯೋಗ ಘೋಷಿಸಿದರು. ಹೆಗಡೆಯವರ ನಂತರ ಬಂದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲಿನಲ್ಲಿ ಬಹುಮತ ಪರೀಕ್ಷೆಗೂ ಬಿಡದೆ ಕೇಂದ್ರ ಕಿತ್ತೆಸೆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದದ್ದು ಈಗ ದೇಶದ ಕಾನೂನು. ಆ ತೀರ್ಪಿಗೆ ಕನ್ನಡಿಗನ ಹೆಸರಿದೆ.

ಹೆಗಡೆಯವರ ಕಾಲದ್ದೇ ಇನ್ನೊಂದು ಕತೆಯನ್ನು ಇದಕ್ಕೆ ಸೇರಿಸಿ ಓದಬೇಕು. ಅವರ ಸಂಪುಟದ ಗ್ರಾಮೀಣಾಭಿವೃದ್ಧಿ ಮಂತ್ರಿ ನಜೀರ್ ಸಾಬರ ಮುತುವರ್ಜಿಯಿಂದ 1983ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಮಸೂದೆಯನ್ನು ಶಾಸನಸಭೆ ಒಪ್ಪಿತು. ಸ್ಥಳೀಯ ಸರ್ಕಾರ ರಾಜ್ಯ ಪಟ್ಟಿಯ 5ನೇ ನಮೂದು, ಅಪ್ಪಟ ರಾಜ್ಯದ ಸೊತ್ತು. ಆದರೂ ರಾಷ್ಟ್ರಪತಿಗಳ ಅಂಕಿತಕ್ಕೆಂದು ದೆಹಲಿಗೆ ಹೋದ ಕಾಗದ ಹಿಂದಿರುಗಿದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರಲ್ಲಿ. ದೆಹಲಿ ತಡ ಮಾಡಿತೆಂದು ದೂರಲು ಕರ್ನಾಟಕಕ್ಕೆ ಎಲ್ಲ ಹಕ್ಕೂ ಇತ್ತು. ಈಗಿನ ಮಾತು ಬೇರೆ: 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಸದೆ ಎಳೆದದ್ದು ದೆಹಲಿಯಲ್ಲ. ಪಕ್ಷ ಬದಲಾದರೂ ಎಳೆತ ಬದಲಾಗಲಿಲ್ಲ.

ಇನ್ನು ದುಡ್ಡು. ದಕ್ಕೆಯಲ್ಲಿ ತುಂಬಿಸುವ ಡೀಸೆಲ್ ಜಿಎಸ್‌ಟಿಯ ಹೊರಗಿದೆ. ಅದರ ಬೆಲೆಯಲ್ಲಿ ಕೇಂದ್ರದ ಅಬಕಾರಿ ಸುಂಕ ಒಂದು ಪಾಲು, ರಾಜ್ಯದ ಮಾರಾಟ ತೆರಿಗೆ ಇನ್ನೊಂದು. ಮೀನುಗಾರರಿಗೆ ಕರ್ನಾಟಕ ಕೊಡುವ ಕರರಹಿತ ಡೀಸೆಲ್ ಅಂದರೆ ತನ್ನ ಪಾಲನ್ನು ತಾನು ಬಿಟ್ಟುಕೊಟ್ಟದ್ದು. ಕೇಂದ್ರದ ಪಾಲನ್ನು ಬಿಡುವ ಅಧಿಕಾರ ಅದಕ್ಕಿಲ್ಲ. ನಾಡದೋಣಿಯ ಸೀಮೆಎಣ್ಣೆಯಲ್ಲಿ ಕೇಂದ್ರ ಹಂಚಿಕೆ ಮಾಡಬೇಕು, ರಾಜ್ಯ ಸಹಾಯಧನ ಕೊಡಬೇಕು. ಒಬ್ಬರು ತಡಮಾಡಿದರೆ ದೋಣಿ ಹೊಯಿಗೆಯ ಮೇಲೆ. ಕೇಂದ್ರ ಎತ್ತುವ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆಂದು 15ನೇ ಹಣಕಾಸು ಆಯೋಗ ಹೇಳಿತು. ಆದರೆ ಸೆಸ್ ಮತ್ತು ಸರ್‌ಚಾರ್ಜಿನ ಹಣ ಆ ಹಂಚಿಕೆಗೆ ಬರುವುದೇ ಇಲ್ಲ, ಡೀಸೆಲ್ ಮೇಲಿನ ಕೇಂದ್ರದ ವಸೂಲಿಯಲ್ಲಿ ದೊಡ್ಡ ಭಾಗ ಆ ಬಗೆಯದ್ದು. ಆ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿಯಿತು. 2024ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ, ಮಂತ್ರಿಗಳು ಜಂತರ್ ಮಂತರಿನಲ್ಲಿ ಕೂತದ್ದು ಇದಕ್ಕೆ. ಜಿಎಸ್‌ಟಿ ಮಂಡಳಿಯಲ್ಲಿ ಮೂರರಲ್ಲಿ ಒಂದು ಪಾಲು ಮತ ಕೇಂದ್ರದ್ದು, ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಕೇಂದ್ರ ಬೇಡವೆಂದರೆ ಯಾವುದೂ ಆಗದು ಎಂದು ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಎಲ್ಲದರ ತುದಿಯಲ್ಲಿ ಕೂತಿದೆ ಜಾಲಿ ಪಟ್ಟಣ ಪಂಚಾಯಿತಿ. ಮುಂಚೆ ಗ್ರಾಮ ಪಂಚಾಯಿತಿ, ರಾಜ್ಯದ ಅಧಿಸೂಚನೆಯಿಂದ ಪಟ್ಟಣವಾಯಿತು. ಒಂದು ಸಹಿಯಿಂದ ಊರು 11ನೇ ಅನುಸೂಚಿಯಿಂದ 12ನೆಯದಕ್ಕೆ ದಾಟಿತು, ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸ ಊರಿನ ಪಾಲಿಗೆ ಇಲ್ಲವಾಯಿತು. ಯೋಜನೆ ಕೇಂದ್ರದ್ದು, ಅದರಿಂದ ಹೊರಗೆ ಹಾಕಿದ ಆದೇಶ ರಾಜ್ಯದ್ದು. 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆಂದು 18 ವಿಷಯಗಳಿವೆ. ಆದರೆ 243ಡಬ್ಲ್ಯೂ ವಿಧಿ ಅವನ್ನು ಕೊಟ್ಟಿಲ್ಲ. ರಾಜ್ಯ ಬಯಸಿದರೆ ಕೊಡಬಹುದು ಎಂದಿದೆ. ಕುಡಿಯುವ ನೀರು, ಚರಂಡಿ, ದಾರಿದೀಪ, ಕಸ ಪಂಚಾಯಿತಿಯವು. ದುಡ್ಡು ಹಣಕಾಸು ಆಯೋಗದ ಅನುದಾನವಾಗಿ ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಕಾರವಾರದ ಮೇಲೆ ಹಾದು ಇಲ್ಲಿಗೆ ಬರಬೇಕು.

ಒಂದು ವಿಷಯದಲ್ಲಿ ಮಾತ್ರ ಕ್ರಮ ತಿರುವುಮುರುವಾಗಿದೆ. ದಂಡೆಯ ಹತ್ತಿರ, ಕಟ್ಟಬಹುದಾದ ಭಾಗದಲ್ಲಿ, 300 ಚದರ ಮೀಟರಿನೊಳಗಿನ ಸ್ವಂತ ವಾಸದ ಮನೆಗೆ ರಾಜ್ಯ ಮಟ್ಟದ ಪ್ರಾಧಿಕಾರದ ಶಿಫಾರಸು ಬೇಡ, ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು ಎನ್ನುತ್ತದೆ 2019ರ ಸಿಆರ್‌ಝಡ್ ಅಧಿಸೂಚನೆ. ಅಂದರೆ ದೆಹಲಿ ಬೆಂಗಳೂರನ್ನು ಹಾರಿ ನೇರ ಪಂಚಾಯಿತಿಯ ಮೇಜಿಗೆ ಬಂದಿದೆ. ಆ ಮೇಜಿನ ಮೇಲೆ ಅರ್ಜಿಯ ಜೊತೆ ಇನ್ನೆರಡು ಕಾಗದಗಳಿರಬೇಕು: ಜಾಗ ಯಾರದೆಂದು ಹೇಳುವ ಪಹಣಿ, ಅದು ರಾಜ್ಯದ ಕಂದಾಯ ಇಲಾಖೆಯದ್ದು, ಭರತರೇಖೆ ಎಲ್ಲಿದೆಯೆಂದು ಹೇಳುವ ನಕಾಶೆ, ಅದನ್ನು ಮಾಡಿಸಿದ್ದು ರಾಜ್ಯ, ಒಪ್ಪಿದ್ದು ಕೇಂದ್ರ. ಪಹಣಿಯಲ್ಲಿ ಹೆಸರಿಲ್ಲದೆ ಎರಡು ಮೂರು ತಲೆಮಾರಿನಿಂದ ಹೊಯಿಗೆಯ ಮೇಲೆಯೇ ಮನೆ ಕಟ್ಟಿಕೊಂಡವರು ಈ ಕರಾವಳಿಯುದ್ದಕ್ಕೂ ಇದ್ದಾರೆ. ಅಧಿಕಾರ ಕೈಯಲ್ಲಿದ್ದರೂ ಅವರ ಅರ್ಜಿಯ ಮೇಲೆ ಪಂಚಾಯಿತಿ ಸಹಿ ಹಾಕುವಂತಿಲ್ಲ.